ವೋಲ್ಟೇಜ್ ಇದೆ, ಬ್ರೇಕ್ ಇಲ್ಲ

ಅಮೆರಿಕ, ಕೆನಡಾಗಳ ಹೆದ್ದಾರಿಗಳಲ್ಲಿ ಪಿಕಪ್ ಟ್ರಕ್ಕುಗಳ ಹಿಂದೆ ಉರುಳಿಬರುವ ಪ್ರವಾಸಿ ಟ್ರೇಲರುಗಳಲ್ಲಿ ಅಡುಗೆಕಟ್ಟೆ, ಮಂಚ, ಬಚ್ಚಲು ಎಲ್ಲವೂ ಇರುತ್ತವೆ; ತೂಕ ಎರಡು ಮೂರು ಟನ್ ಆಗುವುದು ಸಾಮಾನ್ಯ. ಅಷ್ಟು ಭಾರವನ್ನು ಮುಂದಿನ ವಾಹನದ ಬ್ರೇಕೊಂದನ್ನೇ ನಂಬಿ ಇಳಿಜಾರಿನಲ್ಲಿ ಇಳಿಸುವಂತಿಲ್ಲ. 3,000 ಪೌಂಡ್, ಅಂದರೆ ಸುಮಾರು 1,360 ಕಿಲೋ ದಾಟಿದ ಟ್ರೇಲರಿಗೆ ಅದರದೇ ಬ್ರೇಕ್ ಇರಬೇಕೆಂದು ಅಮೆರಿಕದ ಹಲವು ರಾಜ್ಯಗಳ ಕಾನೂನು ಹೇಳುತ್ತದೆ. ಹೆಚ್ಚಿನವುಗಳಲ್ಲಿ ಇರುವುದು ವಿದ್ಯುತ್ ಬ್ರೇಕ್. ಚಾಲಕ ಪೆಡಲ್ ಒತ್ತಿದಾಗ ಡ್ಯಾಶ್‌ಬೋರ್ಡಿನ ಕಂಟ್ರೋಲರು ಏಳು ಪಿನ್ನಿನ ಪ್ಲಗ್ಗಿನ ಮೂಲಕ, ನೀಲಿ ವೈರಿನಲ್ಲಿ ಕರೆಂಟ್ ಕಳಿಸುತ್ತದೆ. ಪ್ರತಿ ಚಕ್ರದೊಳಗಿನ ವಿದ್ಯುತ್ಕಾಂತವು ತಿರುಗುತ್ತಿರುವ ಡ್ರಮ್ಮಿನ ಮುಖಕ್ಕೆ ಅಂಟಿಕೊಳ್ಳುತ್ತದೆ. ಡ್ರಮ್ಮು ಅದನ್ನು ಎಳೆದಾಗ ಅದಕ್ಕೆ ಜೋಡಿಸಿದ ಸನ್ನೆ ವಾಲಿ ಬ್ರೇಕ್ ಶೂಗಳನ್ನು ಅಗಲಿಸುತ್ತದೆ. ಕರೆಂಟು ಬಿಳಿ ವೈರಿನಲ್ಲಿ, ಅಂದರೆ ಅರ್ಥ್ ದಾರಿಯಲ್ಲಿ, ಹಿಂದಿರುಗುತ್ತದೆ.

ಈ ಬ್ರೇಕು ಸರಿಯಾಗಿ ಹಿಡಿಯದಿದ್ದರೆ ಅನೇಕರು ಚಕ್ರದ ಬಳಿ ವೈರ್ ಬಿಡಿಸಿ ಮಲ್ಟಿಮೀಟರ್ ಹಚ್ಚುತ್ತಾರೆ. 12 ವೋಲ್ಟ್ ಕಂಡರೆ ವೈರಿಂಗ್ ಸರಿಯಿದೆ ಎಂದು ತೀರ್ಮಾನಿಸಿ, ಡ್ರಮ್ ಬಿಚ್ಚಿ ಕಾಂತ ಬದಲಿಸುತ್ತಾರೆ. ಹೊಸ ಕಾಂತ ಕೂತ ಮೇಲೂ ಬ್ರೇಕು ಹಳೆಯ ಹಾಗೆಯೇ ಇರುತ್ತದೆ. ಇಲ್ಲಿ ತಪ್ಪಿರುವುದು ಮೀಟರಿನ ಲೆಕ್ಕವಲ್ಲ, ಅದಕ್ಕೆ ಕೇಳಿದ ಪ್ರಶ್ನೆ. ಹುಡುಕಾಟ ವೋಲ್ಟಿನಿಂದಲ್ಲ, ಆಂಪಿನಿಂದ ಶುರುವಾಗಬೇಕು. ವೋಲ್ಟನ್ನು ಅಳೆಯುವುದಾದರೂ ಬ್ರೇಕುಗಳು ಕರೆಂಟ್ ಎಳೆಯುತ್ತಿರುವಾಗಲೇ ಅಳೆಯಬೇಕು ಎಂಬುದು ನನ್ನ ವಾದ.

ಲೆಕ್ಕ ಸರಳವಾಗಿದೆ. ಸಾಮಾನ್ಯ ಗಾತ್ರದ, ಅಂದರೆ 10 ಅಥವಾ 12 ಇಂಚಿನ ಡ್ರಮ್ಮಿನ ಕಾಂತದ ರೋಧ ಸುಮಾರು 3.2 ಓಮ್. ಎರಡು ಆಕ್ಸಲ್ಲಿನ ಟ್ರೇಲರಿನಲ್ಲಿ ಇಂಥ ನಾಲ್ಕು ಕಾಂತಗಳು ಸಮಾಂತರವಾಗಿ ಕೂಡಿ 0.8 ಓಮ್ ಆಗುತ್ತವೆ. ದಾರಿಯ ವೈರಿಗೆಂದು 0.2 ಓಮ್ ಸೇರಿಸಿದರೆ ಒಟ್ಟು 1 ಓಮ್. 12 ವೋಲ್ಟಿಗೆ 12 ಆಂಪ್, ಚಕ್ರಕ್ಕೆ 3. ಆರೋಗ್ಯವಾಗಿರುವ ಟ್ರೇಲರಿನಲ್ಲಿ ಸಿಗುವುದೂ ಹೆಚ್ಚುಕಡಿಮೆ ಇಷ್ಟೇ. ಈಗ ಟ್ರೇಲರಿನ ಅಡಿಯಲ್ಲಿ, ಮಳೆ ಮತ್ತು ಉಪ್ಪುನೀರು ಸಿಡಿಯುವ ಕಡೆ, ಒಂದು ಜಾಯಿಂಟಿನ ತಾಮ್ರ ಕಿಲುಬು ಹಿಡಿದು ಇನ್ನೊಂದು ಓಮ್ ಸೇರಿಸಿತೆನ್ನಿ. ಕರೆಂಟು 6 ಆಂಪಿಗೆ ಇಳಿಯಿತು. ಕಾಂತಗಳಿಗೆ ತಲುಪುವುದು 4.8 ವೋಲ್ಟ್ ಮಾತ್ರ. ಉಳಿದದ್ದರಲ್ಲಿ 36 ವ್ಯಾಟ್ ಆ ಜಾಯಿಂಟಿನಲ್ಲೇ ಶಾಖವಾಗಿ ಹೋಗುತ್ತದೆ. ಆದರೆ ಕಾಂತಗಳನ್ನು ಬಿಡಿಸಿ ಅಳೆದಾಗ ದಾರಿಯಲ್ಲಿ ಹರಿಯುವುದು ಮೀಟರು ಎಳೆಯುವಷ್ಟು ಕರೆಂಟ್ ಮಾತ್ರ, ಆಂಪಿನ ಹತ್ತು ಲಕ್ಷದ ಒಂದು ಭಾಗದಷ್ಟು. ಅಷ್ಟಕ್ಕೆ ಕಿಲುಬಿನ ಜಾಯಿಂಟು ಅಡ್ಡಿಯೇ ಅಲ್ಲ, ಮೀಟರು ಪೂರ್ತಿ 12 ತೋರಿಸುತ್ತದೆ. ಟೆಸ್ಟರಿನ ದೀಪ ಉರಿದರೂ ತೋಟದ ಪಂಪ್‌ಸೆಟ್ ಏಳದ ದಿನಗಳನ್ನು ಕಂಡ ರೈತರಿಗೆ ಈ ಮಾತು ಹೊಸದಲ್ಲ.

ಆಂಪ್ ಅಳೆಯಲು ಡಿಸಿ ಅಳೆಯಬಲ್ಲ ಕ್ಲ್ಯಾಂಪ್ ಮೀಟರ್ ಬೇಕು; ಎಸಿಗೆ ಮಾತ್ರ ಇರುವ ಅಗ್ಗದ್ದು ಇಲ್ಲಿ ನಡೆಯದು. ಮಲ್ಟಿಮೀಟರನ್ನೇ ನಡುವೆ ಜೋಡಿಸಿದರೆ ಅದರ ಮಿತಿ ಸಾಮಾನ್ಯವಾಗಿ 10 ಆಂಪ್, ನಾಲ್ಕು ಚಕ್ರದ ಕರೆಂಟಿಗೆ ಫ್ಯೂಸ್ ಹೋಗುತ್ತದೆ. ಕಂಟ್ರೋಲರನ್ನು ಪೂರ್ತಿ ಏರಿಸಿ ಅದರ ಕೈಗುಂಡಿಯನ್ನು ಒತ್ತಿ ಹಿಡಿಯಬೇಕು, ಏಕೆಂದರೆ ಕಡಿಮೆ ಮಟ್ಟದಲ್ಲಿ ಅದು ಕರೆಂಟನ್ನು ತುಣುಕು ತುಣುಕಾಗಿ ಕಳಿಸುತ್ತದೆ, ಅಂಕಿ ನಂಬುವಂತಿರುವುದಿಲ್ಲ. ಸಿಕ್ಕ ಅಂಕಿಯೇ ಮುಂದಿನ ದಾರಿ ಹೇಳುತ್ತದೆ. 9ರ ಆಸುಪಾಸು ಬಂದರೆ ಒಂದು ಚಕ್ರ ಸತ್ತಿದೆ. ಒಂದೊಂದೇ ಚಕ್ರದ ವೈರಿಗೆ ಕ್ಲ್ಯಾಂಪ್ ಹಾಕಿದರೆ ಯಾವುದೆಂದು ಗೊತ್ತಾಗುತ್ತದೆ. ಎಲ್ಲ ಚಕ್ರಕ್ಕೂ ಸಮನಾಗಿ ಒಂದೂವರೆ ಆಂಪ್ ಹೋಗುತ್ತಿದ್ದರೆ ಕಾಂತಗಳ ತಂಟೆಗೆ ಹೋಗಬೇಡಿ, ದೋಷ ಎಲ್ಲಕ್ಕೂ ಸೇರಿದ ದಾರಿಯಲ್ಲಿದೆ: ಪ್ಲಗ್ಗು, ಮುಖ್ಯ ಜಾಯಿಂಟು ಅಥವಾ ಅರ್ಥ್. ಆಗ ಬ್ರೇಕ್ ಹಿಡಿದಿರುವಂತೆಯೇ ಮೀಟರಿನ ಒಂದು ಮೊನೆಯನ್ನು ಪ್ಲಗ್ಗಿನ ಬಿಳಿ ವೈರಿಗೂ ಇನ್ನೊಂದನ್ನು ಕಾಂತದ ಅರ್ಥ್ ವೈರಿಗೂ ಹಚ್ಚಬೇಕು. ಅಲ್ಲಿ ಎರಡು ಮೂರು ವೋಲ್ಟ್ ಕಂಡರೆ ಕಳೆದುಹೋದ ವೋಲ್ಟೇಜು ಆ ದಾರಿಯಲ್ಲೇ ಸಿಕ್ಕಿತು. ಕಂಡುಬರದಿದ್ದರೆ ನೀಲಿ ವೈರಿನ ಕಡೆಯೂ ಹೀಗೆಯೇ ನೋಡಬೇಕು.

ಕಂಟ್ರೋಲರು ಟ್ರೇಲರ್ ಜೋಡಣೆಯಾಗಿದೆ ಎಂದು ತೋರಿಸುತ್ತಿದೆಯಲ್ಲ ಎಂದು ಕೆಲವರು ಕೇಳಬಹುದು. ಆಚೆ ತುದಿಯಲ್ಲಿ ಏನೋ ಒಂದು ಸಿಕ್ಕಿದೆ ಎಂಬುದಷ್ಟೇ ಅದಕ್ಕೆ ಗೊತ್ತು. ಒಂದೇ ಚಕ್ರ ಬದುಕಿದ್ದರೂ ಅದು ಹಾಗೆ ತೋರಿಸಬಹುದು. ಬ್ರೇಕ್ ಸಾಲದಿದ್ದರೆ ಕಂಟ್ರೋಲರನ್ನು ಇನ್ನಷ್ಟು ಏರಿಸಿದರಾಯಿತು ಎಂಬುದು ಇದಕ್ಕಿಂತ ಅಪಾಯದ ಸಲಹೆ. ದೋಷ ಒಂದೆರಡು ಚಕ್ರದಲ್ಲಿದ್ದರೆ ಏರಿಸಿದ ಬಲವೆಲ್ಲ ಚೆನ್ನಾಗಿರುವ ಚಕ್ರಗಳಿಗೇ ಹೋಗಿ ಅವು ಬಿಗಿದು ಜಾರುತ್ತವೆ; ಒದ್ದೆ ರಸ್ತೆಯಲ್ಲಿ ಟ್ರೇಲರು ಓರೆಯಾಗಲು ಅಷ್ಟು ಸಾಕು. ದೋಷ ವೈರಿಂಗಿನದೇ ಎಂದು ಹೇಗೆ ಹೇಳುತ್ತೀರಿ, ಶೂ ಸವೆದಿರಬಹುದು, ಹಬ್ಬಿನ ಗ್ರೀಸ್ ಲೈನಿಂಗಿಗೆ ಸೋರಿರಬಹುದು ಎಂಬ ಆಕ್ಷೇಪಕ್ಕೆ ಮಾತ್ರ ನಿಜವಾದ ತೂಕವಿದೆ. ತಾನೇ ಹೊಂದಿಕೊಳ್ಳದ ಬಗೆಯ ಶೂಗಳನ್ನು ಪ್ರತಿ 3,000 ಮೈಲಿಗೊಮ್ಮೆ ಕೈಯಿಂದ ಹೊಂದಿಸಬೇಕು. ಎಷ್ಟೋ ಟ್ರೇಲರುಗಳಿಗೆ ಆ ಭಾಗ್ಯ ಸಿಗುವುದಿಲ್ಲ. ಆದರೆ ಈ ಆಕ್ಷೇಪವನ್ನು ಇತ್ಯರ್ಥ ಮಾಡುವುದೂ ಆಂಪ್ ಅಳತೆಯೇ. ನಾಲ್ಕೂ ಚಕ್ರಕ್ಕೆ ತಲಾ 3 ಆಂಪ್ ಹೋಗುತ್ತಿದ್ದೂ ಬಂಡಿ ನಿಲ್ಲದಿದ್ದರೆ ವೈರಿಂಗನ್ನು ಬಿಟ್ಟು ಡ್ರಮ್ ಬಿಚ್ಚಬಹುದು.

ಒಮ್ಮೆ ಸರಿಯಿದ್ದು ಒಮ್ಮೆ ಕೈಕೊಡುವ ದೋಷವನ್ನು ನಿಂತ ಟ್ರೇಲರಿನಲ್ಲಿ ಹಿಡಿಯುವುದು ಕಷ್ಟ. ಎಡಚಕ್ರದಿಂದ ಬಲಚಕ್ರಕ್ಕೆ ಹೋಗುವ ವೈರನ್ನು ಎಷ್ಟೋ ತಯಾರಕರು ಆಕ್ಸಲ್ಲಿನ ಕೊಳವೆಯೊಳಗೇ ತೂರಿಸಿರುತ್ತಾರೆ. ರಸ್ತೆಯ ಕುಲುಕಾಟಕ್ಕೆ ಅದು ಕಬ್ಬಿಣಕ್ಕೆ ಉಜ್ಜಿ ಉಜ್ಜಿ ಇನ್ಸುಲೇಷನ್ ಹರಿದು, ಗುಂಡಿ ಬಿದ್ದಾಗಷ್ಟೇ ಶಾರ್ಟ್ ಆಗುತ್ತದೆ. ಹಳೆಯ ವೈರನ್ನು ಅಲ್ಲೇ ಕತ್ತರಿಸಿ ಬಿಟ್ಟು, ಕೊಳವೆಯ ಹೊರಮೈಗೆ ಹೊಸ ದಪ್ಪ ವೈರನ್ನು ರಕ್ಷಣೆಯ ಪೈಪಿನಲ್ಲಿ ಕಟ್ಟುವುದೇ ಸರಿಯಾದ ರಿಪೇರಿ. ಟ್ರೇಲರ್ ಕಳಚಿಕೊಂಡರೆ ತಾನೇ ಬ್ರೇಕ್ ಹಾಕುವ ತುರ್ತು ಸ್ವಿಚ್ಚಿನ ಪಿನ್ ಎಳೆದು ಪರೀಕ್ಷಿಸುವವರು ಮೊದಲು ಪ್ಲಗ್ಗನ್ನು ಪಿಕಪ್ಪಿನಿಂದ ಬಿಡಿಸಬೇಕು, ಇಲ್ಲವಾದರೆ ಆ ಕರೆಂಟು ಹಿಂದಕ್ಕೆ ಹರಿದು ಕಂಟ್ರೋಲರನ್ನೇ ಸುಡಬಹುದು. ಪಿನ್ನನ್ನು ಹೆಚ್ಚು ಹೊತ್ತು ಹೊರಗಿಡಲೂ ಬಾರದು; ಕಾಂತಗಳು ಕಾದು ಬ್ಯಾಟರಿ ಬರಿದಾಗುತ್ತದೆ. ರಿಪೇರಿಯಾದ ಮೇಲೆ ಮತ್ತೆ ಅದೇ ಜಾಗದಲ್ಲಿ ಆಂಪ್ ಅಳೆದು, ಖಾಲಿ ಮೈದಾನದಲ್ಲಿ ಗಂಟೆಗೆ 30-40 ಕಿಲೋಮೀಟರ್ ವೇಗದಲ್ಲಿ ಟ್ರೇಲರಿನ ಬ್ರೇಕೊಂದನ್ನೇ ಹಿಡಿದು ನೋಡಿ, ಆಮೇಲೆ ಹೆದ್ದಾರಿಗೆ ಇಳಿಸಬೇಕು.