ಬೋನಾಳ ಕೆರೆಯ ಅತಿಥಿಗಳು

ಈಗ ಪಕ್ಷಿಧಾಮವೆಂದು ಹೆಸರಾದ ಸುರಪುರ ತಾಲ್ಲೂಕಿನ ಬೋನಾಳ ಕೆರೆಯನ್ನು ನಾಯಕ ಅರಸರು ಕಟ್ಟಿಸಿದ್ದು ಬೆಳೆಗಾಗಿ, ಹಕ್ಕಿಗಳಿಗಾಗಿ ಅಲ್ಲ. ಆದರೂ ಚಳಿಗಾಲ ಬಂದಿತೆಂದರೆ ಪಟ್ಟೆತಲೆಯ ಹೆಬ್ಬಾತುಗಳು ಟಿಬೆಟ್, ಮಂಗೋಲಿಯಗಳ ಕಡೆಯಿಂದ ಹಿಮಾಲಯವನ್ನು ದಾಟಿ ಇಲ್ಲಿಗೆ ಬಂದಿಳಿಯುತ್ತವೆ. ಈ ಬಿಸಿಲುನಾಡಿನಲ್ಲಿ ಅವಕ್ಕೇನು ಕೆಲಸವೆಂದು ಕೇಳಬಹುದು. ಅಲ್ಲಿ ಆಗ ನೀರು ಹೆಪ್ಪುಗಟ್ಟಿ, ಹುಲ್ಲು ಹಿಮದಡಿ ಸೇರಿರುತ್ತದೆ. ಹೆಬ್ಬಾತಿಗೋ ಬೇಕಾದುದು ಹುಲ್ಲು, ಕಾಳು, ಎಳೆಯ ಪೈರು. ಹಗಲೆಲ್ಲ ನೀರಿನಲ್ಲಿ ವಿಶ್ರಮಿಸಿ, ಇರುಳು ಸುತ್ತಲಿನ ಹೊಲಗಳಲ್ಲಿ ಮೇಯುತ್ತದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಅದನ್ನು ಕೊಲ್ಲಬಾರದೆನ್ನುತ್ತದೆ, ಸರಿ. ಆದರೆ ನಡುರಾತ್ರಿಯ ಹೊಲದಲ್ಲಿ ಅದನ್ನು ಕಾಯುವುದು ರೈತನ ಸಹನೆಯೊಂದೇ. ಜೂನ್ 5ರಂದು ನಾವು ಸಸಿ ನೆಟ್ಟು ಪರಿಸರ ದಿನವನ್ನು ಆಚರಿಸುವಾಗ ಈ ಅತಿಥಿಗಳು ಇಲ್ಲಿರುವುದಿಲ್ಲ. ಮೇಯ್ದ ಪೈರಿನ ನಷ್ಟ ಮಾತ್ರ ಆ ರೈತನ ಲೆಕ್ಕದಲ್ಲಿಯೇ ಉಳಿದಿರುತ್ತದೆ.