ಬಳಕೆಯ ಸೂಚನೆಗಳಲ್ಲಿ ಪದಕ್ರಮ: ಓಆರ್‌ಎಸ್ ಪೊಟ್ಟಣದ ನಿದರ್ಶನ

ಸಾಮಾನ್ಯ ಓದುಗರಿಗಾಗಿ ಬರೆದ ತಾಂತ್ರಿಕ ಬರಹದ ಕ್ಲಿಷ್ಟತೆಗೆ ಸಂಸ್ಕೃತ ಪದಗಳೇ ಕಾರಣವೆಂಬ ಆಕ್ಷೇಪ ಹಳೆಯದು. ಅತಿಸಾರಕ್ಕೆ ನೀಡುವ ಓಆರ್‌ಎಸ್ ಪುಡಿಯ ಸೂಚನೆಯನ್ನು ಪರಿಶೀಲಿಸಿದರೆ ಈ ಆಕ್ಷೇಪದ ಮಿತಿ ತಿಳಿಯುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ 2002ರಲ್ಲಿ ಶಿಫಾರಸು ಮಾಡಿದ ಸೂತ್ರದಂತೆ 20.5 ಗ್ರಾಂ ಪುಡಿಗೆ ಒಂದು ಲೀಟರ್ ನೀರು ಬೇಕು. ನೀರು ಕಡಿಮೆಯಾದರೆ ಮಗುವಿನ ರಕ್ತದಲ್ಲಿ ಸೋಡಿಯಂ ಅಪಾಯಕರವಾಗಿ ಏರಬಹುದು. ಬೆರೆಸಿದ ದ್ರಾವಣವನ್ನು ಕುದಿಸಲೂಬಾರದು.

ಇದನ್ನೇ ‘ಪೊಟ್ಟಣದ ಪುಡಿಯನ್ನು ಕುದಿಸಿ ಆರಿಸಿದ ಒಂದು ಲೀಟರ್ ನೀರಿನಲ್ಲಿ ವಿಲೀನಗೊಳಿಸತಕ್ಕದ್ದು’ ಎಂದು ಬರೆದರೆ? ‘ವಿಲೀನಗೊಳಿಸು’ ಎಂಬುದನ್ನು ‘ಕರಗಿಸು’ ಎಂದು ಬದಲಿಸಿದರೂ ತೊಡಕು ಉಳಿಯುತ್ತದೆ. ದ್ವಿತೀಯಾ ವಿಭಕ್ತಿಯ ‘ಪುಡಿಯನ್ನು’ ಎಂಬ ಪದ ವಾಕ್ಯಾಂತ್ಯದ ಕ್ರಿಯಾಪದಕ್ಕಾಗಿ ಕಾಯದೆ, ನಡುವೆ ಸಿಕ್ಕ ‘ಕುದಿಸಿ’ಗೆ ಅಂಟಿಕೊಳ್ಳುತ್ತದೆ. ‘ಕುದಿಸಿ’ ಕೃದಂತಾವ್ಯಯವೂ ಹೌದು, ವಿಧ್ಯರ್ಥಕ ಕ್ರಿಯಾಪದವೂ ಹೌದು. ಗಾಬರಿಗೊಂಡ ತಾಯಿ ಪುಡಿಯನ್ನೇ ಕುದಿಸಿದರೆ ತಪ್ಪು ಅವಳದಲ್ಲ, ವಾಕ್ಯದ್ದು.

‘ನೀರನ್ನು ಕುದಿಸಿ, ಆರಿಸಿ. ಆ ನೀರಿನಲ್ಲಿ ಒಂದು ಲೀಟರ್ ಅಳೆದುಕೊಳ್ಳಿ. ಪೊಟ್ಟಣದ ಅಷ್ಟೂ ಪುಡಿಯನ್ನು ಅದರಲ್ಲಿ ಕರಗಿಸಿ. 24 ಗಂಟೆಯೊಳಗೆ ಕುಡಿಸಿ, ಉಳಿದದ್ದನ್ನು ಚೆಲ್ಲಿ’ ಎಂದರೆ ಕೆಲಸದ ಕ್ರಮವೇ ವಾಕ್ಯಗಳ ಕ್ರಮವಾಗುತ್ತದೆ. ಕುದಿಯುವಾಗ ನೀರು ಇಂಗುವುದರಿಂದ ಅಳತೆಯ ಮಾತು ಎರಡನೆಯದಾಗಿ ಬಂದಿದೆ. ಇಷ್ಟಾದರೂ ‘ಲೀಟರ್’ ಪರಿಚಿತ ಪದವೇ ಹೊರತು ಪ್ರತಿ ಮನೆಯಲ್ಲಿರುವ ಪಾತ್ರೆಯಲ್ಲ. ಅಲ್ಲಿ ಪದಕ್ಕಿಂತ ಬಾಟಲಿಯ ಚಿತ್ರವೇ ಹೆಚ್ಚು ಉಪಯುಕ್ತ.