ರಾಜೀನಾಮೆ ಮತ್ತು ಜನವಿಶ್ವಾಸ: ರಾಮಕೃಷ್ಣ ಹೆಗಡೆಯವರ ನಿದರ್ಶನ

ನಾಯಕನ ನುಡಿಯನ್ನು ಜನ ಯಾವಾಗ ನಂಬುತ್ತಾರೆ ಎಂಬ ಪ್ರಶ್ನೆಗೆ ಕರ್ನಾಟಕದ ಪ್ರಥಮ ಕಾಂಗ್ರೆಸ್ಸೇತರ ಮುಖ್ಯಮಂತ್ರಿ ರಾಮಕೃಷ್ಣ ಹೆಗಡೆಯವರ ಮೂರು ರಾಜೀನಾಮೆಗಳು ಉಪಯುಕ್ತ ನಿದರ್ಶನವೆಂದು ನಾವು ಭಾವಿಸುತ್ತೇವೆ.

1984ರ ಲೋಕಸಭಾ ಚುನಾವಣೆಯಲ್ಲಿ ರಾಜ್ಯದ 28 ಸ್ಥಾನಗಳ ಪೈಕಿ ಜನತಾ ಪಕ್ಷಕ್ಕೆ ದೊರೆತವು 4 ಮಾತ್ರ. ಆ ಸೋಲಿಗಾಗಿ ರಾಜ್ಯಸರ್ಕಾರ ಅಧಿಕಾರ ತೊರೆಯಬೇಕೆಂಬ ನಿಬಂಧನೆ ಸಂವಿಧಾನದಲ್ಲಿಲ್ಲ. ಆದರೂ ಹೆಗಡೆಯವರು ಜನಾದೇಶ ತಮಗೆ ಉಳಿದಿಲ್ಲವೆಂದು ರಾಜೀನಾಮೆಯಿತ್ತು, ಹೊಸ ಚುನಾವಣೆಯನ್ನು ಕೋರಿದರು. 1985ರ ಮಾರ್ಚ್ ತಿಂಗಳಲ್ಲಿ ಅದೇ ಮತದಾರರು ಅವರ ಪಕ್ಷಕ್ಕೆ ವಿಧಾನಸಭೆಯ 224 ಸ್ಥಾನಗಳಲ್ಲಿ 139ನ್ನು ಇತ್ತರು. ರಾಜೀನಾಮೆಯೊಂದೇ ಇದಕ್ಕೆ ಕಾರಣವೆನ್ನಲಾಗದು. ಕೊಳವೆಬಾವಿಗಳಿಂದಾಗಿ ಹಳ್ಳಿಗರ ಬಾಯಲ್ಲಿ ‘ನೀರ್ ಸಾಬ್’ ಆದ ಸಚಿವ ಅಬ್ದುಲ್ ನಜೀರ್ ಸಾಬ್ ಅವರ ದುಡಿಮೆಯ ಪಾಲೂ ಇದರಲ್ಲಿದೆ. ಆದರೆ ಕಳೆದುಕೊಳ್ಳುವ ಅಪಾಯವನ್ನು ಕಣ್ಣಾರೆ ಕಂಡ ಮೇಲೆಯೇ ಜನ ಆ ಮಾತಿಗೆ ಬೆಲೆ ಕೊಟ್ಟರೆಂಬುದು ನಮ್ಮ ಅಭಿಪ್ರಾಯ.

1986ರಲ್ಲಿ ಸಾರಾಯಿ ಗುತ್ತಿಗೆಯ ಪ್ರಕರಣದಲ್ಲಿ ಉಚ್ಚ ನ್ಯಾಯಾಲಯ ಆಕ್ಷೇಪಿಸಿದಾಗ ಮತ್ತೆ ರಾಜೀನಾಮೆಯಿತ್ತು, ಕೆಲವೇ ದಿನಗಳಲ್ಲಿ ಹಿಂದಕ್ಕೆ ಪಡೆದರು. ಹಿಂಪಡೆಯಬಹುದಾದ ತ್ಯಾಗಕ್ಕೆ ಮೊದಲಿನ ತೂಕವಿರಲು ಸಾಧ್ಯವೆ? 1988ರಲ್ಲಿ ದೂರವಾಣಿ ಕದ್ದಾಲಿಕೆಯ ಆರೋಪದಿಂದಾಗಿ ಅವರು ಅಧಿಕಾರ ತ್ಯಜಿಸಿದರು. ಅಷ್ಟರಲ್ಲಿ ಅವರೇ ರೂಢಿಗೆ ತಂದ ‘ಮೌಲ್ಯಾಧಾರಿತ ರಾಜಕಾರಣ’ವೆಂಬ ಮಾತು ಅವರನ್ನೇ ಅಳೆಯುವ ಕೋಲಾಗಿ ವಿರೋಧಿಗಳ ಕೈ ಸೇರಿತ್ತು.